ನೀರು ಬಿಡುವ ಮುಖ

ನಮ್ಮೂರಿನ ಕಂಪ್ಯೂಟರುಗಳ ವಿಷಯ ಹೇಳಿದರೆ ಹೊರಗಿನವರು ನಗುತ್ತಾರೆ. ನಗಲಿ. ಅವರ ಊರಿನ ಕಂಪ್ಯೂಟರುಗಳು ಸ್ವಿಚ್ ಹಾಕಿದ ಕೂಡಲೇ ಯಾವುದೋ ಕಂಪನಿಯ ಗುರುತು ತೋರಿಸಿ, ಆಮೇಲೆ ಹೇಳಿದ ಕೆಲಸವನ್ನು ಹೇಳಿದಂತೆ ಮಾಡುತ್ತವಂತೆ. ನಮ್ಮಲ್ಲಿ ಹಾಗಲ್ಲ. ಸ್ವಿಚ್ ಹಾಕಿದಾಗ ಪರದೆಯ ಮೇಲೆ ಮೊದಲು ಯಾರ ಮುಖ ಬರುತ್ತದೋ, ಆರಿಸುವವರೆಗೂ ಆ ಕಂಪ್ಯೂಟರಿಗೆ ಅವರದೇ ಬುದ್ಧಿ. ಅದೂ ಫೋಟೋ ತೆಗೆಸಿಕೊಂಡ ಗಳಿಗೆಯಲ್ಲಿ ಅವರು ಹೇಗಿದ್ದರೋ ಹಾಗೆ. ಸಿಟ್ಟಿನಲ್ಲಿದ್ದರೆ ಸಿಟ್ಟು, ಹಸಿದಿದ್ದರೆ ಹಸಿವು.

ಆ ಮುಖ ಕೂರಿಸುವುದೇ ನನ್ನ ಕಸುಬು. ಕಂಪ್ಯೂಟರಿನ ಬೋರ್ಡಿನ ಮೂಲೆಯಲ್ಲಿ ಎಂಟು ಕಾಲಿನ ಪುಟ್ಟ ಚಿಪ್ ಒಂದು ಇರುತ್ತದೆ, ಹುಣಸೆಬೀಜಕ್ಕಿಂತ ಚಿಕ್ಕದು. ಬಯೋಸ್ ಅನ್ನುತ್ತಾರೆ. ಎದ್ದ ಕೂಡಲೇ ತಾನು ಯಾರು ಅಂತ ಕಂಪ್ಯೂಟರು ನೋಡಿಕೊಳ್ಳುವುದು ಅಲ್ಲಿಯೇ. ಅದಕ್ಕೆ ಕ್ಲಿಪ್ಪು ಕಚ್ಚಿಸಿ, ಒಳಗಿದ್ದದ್ದನ್ನೆಲ್ಲ ಹೊರಗೆಳೆದು, ಕಂಪನಿಯ ಗುರುತು ಅಳಿಸಿ, ಅದೇ ಜಾಗದಲ್ಲಿ ಅದೇ ಅಳತೆಯ ಬೇರೆ ಚಿತ್ರ ಇಟ್ಟು ವಾಪಸ್ ತುಂಬಬೇಕು. ಚಿತ್ರ ಒಂದು ಚೂರು ದೊಡ್ಡದಾದರೂ ಬೋರ್ಡು ಸತ್ತಂತೆ. ತುಂಬುವಾಗ ಕರೆಂಟು ಹೋದರೂ ಸತ್ತಂತೆ. ಇದನ್ನು ನನಗೆ ಯಾವ ಮೇಷ್ಟರೂ ಕಲಿಸಲಿಲ್ಲ. ನಮ್ಮ ಶಾಲೆಯಲ್ಲಿ ಕಂಪ್ಯೂಟರಿಗೆ ಹೂವಿನ ಬಟ್ಟೆ ಹೊದಿಸಿ ಕೋಣೆಗೆ ಬೀಗ ಹಾಕಿದ್ದರು. ಎಂಟನೇ ಕ್ಲಾಸಿನಲ್ಲಿ ಒಮ್ಮೆ ಆ ಬಟ್ಟೆ ಎತ್ತಿ ನೋಡಿದ್ದಕ್ಕೆ ಮೇಷ್ಟರು ಕೋಲು ಮುರಿಯುವ ಹಾಗೆ ಬಾರಿಸಿದರು. ಬಟ್ಟೆಯನ್ನು ಅವರೇ ಇಟ್ಟುಕೊಳ್ಳಲಿ ಅಂತ ನಾನು ಶಾಲೆ ಬಿಟ್ಟೆ.

ಮೊದಮೊದಲು ಜನ ಕಂಡಕಂಡ ಫೋಟೋ ಹಾಕಿಸಿ ಪಾಡುಪಟ್ಟರು. ಛತ್ರದ ಮ್ಯಾನೇಜರು ತನ್ನ ಮದುವೆಯ ಫೋಟೋ ಹಾಕಿಸಿದ. ಆ ಕಂಪ್ಯೂಟರು ಏನು ಕೇಳಿದರೂ ಹೂಂ ಅನ್ನುತ್ತದೆ, ಮುಂದಿನ ಕೆಲಸಕ್ಕೆ ಮಾತ್ರ ಹಿಂದಿನಿಂದ ಯಾರಾದರೂ ತಿವಿಯಬೇಕು. ಕಿರಾಣಿ ಅಂಗಡಿಯವನು ಅಜ್ಜಿಯ ಫೋಟೋ ಹಾಕಿಸಿದ. ಮಧ್ಯಾಹ್ನವಾದರೆ ಪರದೆ ಕಪ್ಪಾಗಿ ಮಲಗಿಬಿಡುತ್ತದೆ, ಹತ್ತಿರ ಹೋಗಿ ಕಾಫಿ ಅಂದರೆ ಮಾತ್ರ ಏಳುತ್ತದೆ. ಚಿನ್ನದ ಅಂಗಡಿಯ ಸಾಹುಕಾರ ಇವರೆಲ್ಲರಿಗಿಂತ ಬುದ್ಧಿವಂತ, ದೇವರ ಫೋಟೋವನ್ನೇ ಹಾಕಿಸಿಬಿಟ್ಟ. ಅದು ಏನು ಬೇಡಿಕೊಂಡರೂ ಮಾತಾಡುವುದಿಲ್ಲ. ಇವತ್ತಿಗೂ ಅದರ ಮುಂದೆ ಕರ್ಪೂರ ಹಚ್ಚಿ, ಬಿಲ್ಲನ್ನು ಕೈಯಲ್ಲಿ ಬರೆಯುತ್ತಾನೆ. ಪೊಲೀಸ್ ಠಾಣೆಯಲ್ಲಿ ಸಾಹೇಬರ ಫೋಟೋ. ಅದು ಮೊದಲು ಚಪ್ಪಲಿ ನೋಡಿ, ಆಮೇಲೆ ದೂರು ತೆಗೆದುಕೊಳ್ಳುವುದೋ ಬೇಡವೋ ಅಂತ ತೀರ್ಮಾನ ಮಾಡುತ್ತದೆ.

ಈಗ ಜನ ಕಲಿತಿದ್ದಾರೆ. ಸ್ಟುಡಿಯೋಗೆ ಹೋಗುವ ದಿನ ಹೆಂಡತಿಯ ಜೊತೆ ಜಗಳವಾಡುವುದಿಲ್ಲ. ಹೊಟ್ಟೆ ತುಂಬ ಉಂಡು, ಬೆಂಚಿನ ಮೇಲೆ ಕೂತು, ಒಳ್ಳೆಯವರಾಗಲು ಪ್ರಯತ್ನ ಪಡುತ್ತಾರೆ. ಕ್ಯಾಮೆರಾ ಕ್ಲಿಕ್ ಅನ್ನುವವರೆಗೆ ತಡೆದುಕೊಂಡರೆ ಸಾಕು.

ಈ ಕಥೆ ನೀರಿನ ಕಂಪ್ಯೂಟರಿನದು. ಊರ ಹೊರಗೆ ದೊಡ್ಡ ಟ್ಯಾಂಕು, ಅದರ ಕಾಲಬುಡದಲ್ಲಿ ಪಂಪ್‌ಹೌಸು. ಯಾವ ಬೀದಿಗೆ ಯಾವಾಗ ನೀರು ಬಿಡಬೇಕು ಅನ್ನುವುದನ್ನು ಹಿಂದೆ ನೀರುಗಂಟಿ ದುರುಗಪ್ಪ ವಾಲ್ವ್ ತಿರುಗಿಸಿ ನೋಡಿಕೊಳ್ಳುತ್ತಿದ್ದ. ಅವನೇನು ಮಹಾತ್ಮನಲ್ಲ. ಬೀಡಿ ಸೇದುತ್ತಿದ್ದ, ಸುಳ್ಳು ಹೇಳುತ್ತಿದ್ದ, ಪಂಪ್‌ಹೌಸಿನ ತಂಪಿನಲ್ಲಿ ನಿದ್ದೆ ಹೊಡೆಯುತ್ತಿದ್ದ. ಆದರೆ ಖಾಲಿ ಕೊಡ ಹಿಡಿದ ಹೆಂಗಸರೆಂದರೆ ಅವನಿಗೆ ಜೀವಭಯ. ಒಬ್ಬಳು ಬಂದು ಕಿಟಕಿಯ ಹತ್ತಿರ ಕೆಮ್ಮಿದರೂ ಎದ್ದು ವಾಲ್ವಿನ ಕಡೆ ಓಡುತ್ತಿದ್ದ. ಅವನ ಧೈರ್ಯವೆಲ್ಲ ಸಾಲು ತಪ್ಪಿಸುವ ಹುಡುಗರ ಮೇಲೆ. ನಲ್ಲಿಯ ಮುಂದೆ ಯಾವನಾದರೂ ನುಗ್ಗಿದರೆ ಕಿವಿ ಹಿಡಿದನೆಂದರೆ ಮುಗಿಯಿತು, ಸಾಲಿನ ಕೊನೆಯವರೆಗೂ ಬಿಡುತ್ತಿರಲಿಲ್ಲ. ನನ್ನ ಎಡಗಿವಿ ಬಲಗಿವಿಗಿಂತ ಸ್ವಲ್ಪ ಉದ್ದ ಇದೆ ಅಂತ ಅಮ್ಮ ಹೇಳುತ್ತಿದ್ದಳು.

ದುರುಗಪ್ಪನಿಗೆ ಎದೆನೋವು ಶುರುವಾದ ಮೇಲೆ ಪುರಸಭೆಯವರು ವಾಲ್ವುಗಳಿಗೆಲ್ಲ ಮೋಟಾರು ಕೂರಿಸಿ, ಅವನ್ನು ತಿರುಗಿಸುವುದಕ್ಕೆ ಕಂಪ್ಯೂಟರು ತಂದರು. ಅದು ಬಂದಾಗ ಅದರ ಮುಖದಲ್ಲಿ ಕಂಪನಿಯ ಗುರುತು ಇತ್ತು, ಬುದ್ಧಿಯೂ ಕಂಪನಿಯದೇ. ನೀರು ಕೇಳಿದರೆ ತಮ್ಮ ಬೀದಿ ನಮಗೆ ಬಹಳ ಮುಖ್ಯ, ದಯವಿಟ್ಟು ಕಾಯಿರಿ ಅಂತ ತೋರಿಸಿ ಸಂಗೀತ ಹಾಕುತ್ತಿತ್ತು. ಹೆಂಗಸರು ನನ್ನ ಅಂಗಡಿಗೆ ನುಗ್ಗಿದರು. ಅಷ್ಟರಲ್ಲಿ ದುರುಗಪ್ಪ ಹೋಗಿಬಿಟ್ಟಿದ್ದ. ಪಂಪ್‌ಹೌಸಿನ ಗೋಡೆಯ ಮೊಳೆಗೆ ಅವನ ಗುರುತಿನ ಚೀಟಿ ನೇತಾಡುತ್ತಿತ್ತು. ಅದರ ಫೋಟೋದಲ್ಲಿ ಕಣ್ಣುಗಳು ಈಗ ತಾನೇ ಯಾರೋ ಬೈದ ಹಾಗೆ ಹೆದರಿಕೊಂಡಿದ್ದವು. ಅದನ್ನೇ ಚಿಪ್ಪಿಗೆ ಹಾಕಿದೆ. ಮಾರನೆಯ ದಿನದಿಂದ ಹೆಂಗಸರು ಕಿಟಕಿಯಲ್ಲಿ ನಿಂತು ಕೆಮ್ಮಿದರೆ ಸಾಕು, ಕಂಪ್ಯೂಟರು ಗಡಗಡ ನಡುಗಿ ಅವರ ಬೀದಿಯ ವಾಲ್ವ್ ತೆರೆಯುತ್ತಿತ್ತು. ಪ್ರತಿ ಬೀದಿಯಲ್ಲೂ ಕೆಮ್ಮುವವರು ಇದ್ದದ್ದರಿಂದ ಎಲ್ಲರಿಗೂ ಸಿಕ್ಕಿತು.

ದುರುಗಪ್ಪನ ಹೆಂಡತಿ ಬೋರಕ್ಕನಿಗೆ ಪಂಪ್‌ಹೌಸಿನಲ್ಲಿ ಕಸ ಹೊಡೆಯುವ ಕೆಲಸ ಕೊಟ್ಟಿದ್ದರು. ಸಂಜೆ ಕಂಪ್ಯೂಟರು ಆರಿಸುವುದು, ಬೆಳಗ್ಗೆ ಸ್ವಿಚ್ ಹಾಕುವುದು ಅವಳದೇ. ಸ್ವಿಚ್ ಹಾಕಿದಾಗ ಕಣ್ಣುಜ್ಜಿಕೊಳ್ಳುವಷ್ಟು ಹೊತ್ತು ಗಂಡನ ಮುಖ ಬರುತ್ತಿತ್ತು, ಆಮೇಲೆ ವಾಲ್ವುಗಳ ಪಟ್ಟಿ. ಅವಳ ಮನೆಯಲ್ಲಿ ಅವನ ಫೋಟೋ ಒಂದೂ ಇರಲಿಲ್ಲ. ಫೋಟೋ ತೆಗೆಸಿಕೊಂಡರೆ ಆಯಸ್ಸು ಕಮ್ಮಿ ಅಂತ ಅವನು ಹೆದರುತ್ತಿದ್ದನಂತೆ, ಆ ಚೀಟಿಗಾಗಿ ಮಾತ್ರ ಪುರಸಭೆಯವರು ಹಿಡಿದು ಕೂರಿಸಿ ತೆಗೆಸಿದ್ದರು. ಅವಳು ಸೆರಗಿನಿಂದ ಪರದೆ ಒರೆಸಿ, ಸ್ವಿಚ್ ಹಾಕಿ, ಆ ಚಿಟಿಕೆಯಷ್ಟು ಹೊತ್ತಿನಲ್ಲಿ ಹೇಳುವುದನ್ನೆಲ್ಲ ಹೇಳಿಬಿಡುತ್ತಿದ್ದಳು. ನಾನು ಒಮ್ಮೆ ಮೋಟಾರಿನ ವೈರು ನೋಡಲು ಹೋದಾಗ ಕೇಳಿದ್ದೇನೆ.

"ಹೆದರ್ಕಬ್ಯಾಡ, ಇವತ್ತು ನಲ್ಲಿ ಬೀದಿಯೋರು ಭಾಳ ಜನ ಇಲ್ಲ. ಆ ಹಾಲಮ್ಮ ಒಬ್ಬಳು ಬಂದಾಳೆ. ಆಕೆಗೆ ಮೊದ್ಲು ಬಿಟ್ಟುಬಿಡು, ಬಾಯಿ ಮಾಡ್ತಾಳೆ."

ಹೀಗಿರುವಾಗ ಬಕ್ಕೇಶಪ್ಪ ಪುರಸಭೆಯ ಅಧ್ಯಕ್ಷನಾದ.

ಬಕ್ಕೇಶಪ್ಪ ನಮ್ಮ ನಲ್ಲಿ ಬೀದಿಯಲ್ಲೇ ಹುಟ್ಟಿದವನು. ಅದನ್ನು ಅವನು ಭಾಷಣದಲ್ಲಿ ಹೇಳುತ್ತಾನೆ, ಬೀದಿಗೆ ಬರುವುದಿಲ್ಲ. ಹೊಸ ಬಡಾವಣೆಯಲ್ಲಿ ಮೂರಂತಸ್ತಿನ ಮನೆ ಕಟ್ಟಿದ. ಈಗ ಹೇಳಿದ ಹಾಲಮ್ಮ ಅವನ ಹೆತ್ತ ತಾಯಿ. ಅವಳು ಮಗನ ಮನೆಗೆ ಹೋಗಿ ನಾಲ್ಕು ದಿನ ಇದ್ದು ವಾಪಸ್ ಬಂದಳು. ಯಾಕಮ್ಮ ಅಂದರೆ, "ಆ ಬೀದೀಲಿ ಯಾರೂ ಮನೆಯಿಂದ ಹೊರಗೇ ಬರಲ್ಲ ಕಣೋ. ಜಗಳ ಆಡೋಕೆ ಒಂದು ಜನ ಇಲ್ಲ," ಅಂದಳು. ದಿನಾ ಬೆಳಗ್ಗೆ ನಲ್ಲಿಯ ಸಾಲಿನಲ್ಲಿ ಮೊದಲ ಕೊಡ ಅವಳದು.

ಅಧ್ಯಕ್ಷನಾದವನು ಮೊದಲು ಬಸ್‌ಸ್ಟ್ಯಾಂಡಿಗೆ ತನ್ನ ಮುಖ ಹಾಕಿಸಿದ. ಆಮೇಲೆ ಶೌಚಾಲಯಕ್ಕೆ. ಆಮೇಲೆ ಸ್ಮಶಾನದ ಗೇಟಿಗೆ, ಅಲ್ಲಿ ಕೈ ಮುಗಿದು ಸ್ವಾಗತ ಕೋರುತ್ತಿದ್ದಾನೆ. ಇನ್ನು ಉಳಿದದ್ದು ನೀರು. ಒಂದು ಬೆಳಗ್ಗೆ ಅವನ ಪಿ.ಎ. ಸದಾನಂದ ನನ್ನ ಗೂಡಂಗಡಿಯ ಮುಂದೆ ಬೈಕು ನಿಲ್ಲಿಸಿದ.

"ಏನಪ್ಪಾ ಓಬಳೇಶ, ಅಧ್ಯಕ್ಷರು ನಿನ್ನ ನೆನೆಸ್ಕೊಂಡ್ರು."

"ಯಾಕೆ ಸಾರ್, ನಾನಿನ್ನೂ ಸತ್ತಿಲ್ವಲ್ಲ."

"ತಮಾಷೆ ಬ್ಯಾಡ. ಪಂಪ್‌ಹೌಸಿನ ಕಂಪ್ಯೂಟರಲ್ಲಿ ಯಾವನೋ ಬೀಡಿ ಸೇದೋನ ಮುಖ ಐತಂತೆ. ಊರಿಗೆ ನೀರು ಕೊಡೋರು ಯಾರು? ಅಧ್ಯಕ್ಷರು. ಮುಖ ಯಾರದ್ದು ಇರ್ಬೇಕು?"

"ನೀರು ಮೋಡ ಕೊಡೋದು. ಮೋಡದ ಫೋಟೋ ತಗಂಬನ್ನಿ, ಹಾಕ್ತೀನಿ."

ಸದಾನಂದ ನಗಲಿಲ್ಲ. ನನ್ನ ಗೂಡಂಗಡಿಯನ್ನು ಮೇಲಿಂದ ಕೆಳಗೆ ನೋಡಿ, "ಇದು ಚರಂಡಿ ಮೇಲೆ ಇಟ್ಟೀಯ ಅಲ್ವಾ?" ಅಂದ. ಚರಂಡಿಯ ಮೇಲೆ ಇಡದೆ ಅರಮನೆಯ ಮೇಲೆ ಇಡಲು ನಮ್ಮಪ್ಪ ರಾಜನಾಗಿರಲಿಲ್ಲ. ಆಗಲ್ಲ, ಏನು ಬೇಕಾದರೂ ಕಿತ್ತುಕೊಳ್ಳಿ ಅಂದುಬಿಟ್ಟೆ. ಅವನು ಸರಿ ಅಂತ ಬೈಕು ತಿರುಗಿಸಿದ. ಹೋಗುತ್ತಾ ಬಲಕ್ಕೆ ತಿರುಗಿ ಪಂಪ್‌ಹೌಸಿನ ಕಡೆ ಹೋದದ್ದು ಕಾಣಿಸಿತು. ಮಧ್ಯಾಹ್ನದ ಹೊತ್ತಿಗೆ ಬೋರಕ್ಕ ಪೊರಕೆಯನ್ನು ಕೈಯಲ್ಲೇ ಹಿಡಿದು ಅಂಗಡಿಗೆ ಬಂದಳು.

"ಹಾಕಿಬಿಡಪ್ಪ," ಅಂದಳು.

"ಏನಕ್ಕಾ ಹಿಂಗಂತೀಯ? ನಾಳೆಯಿಂದ ಆತನ್ನ ಎಲ್ಲಿ ನೋಡ್ತೀಯ?"

"ನನ್ನ ಕೆಲ್ಸದಿಂದ ತೆಗೀತೀನಿ ಅಂದಾನೆ. ಕೆಲ್ಸ ಹೋದ್ರೆ ಪಂಪ್‌ಹೌಸಿನ ಬಾಗಿಲೂ ಇಲ್ಲ, ಆತನೂ ಇಲ್ಲ. ಈಗ ಕೆಲ್ಸನಾದ್ರೂ ಉಳೀಲಿ." ಪೊರಕೆಯ ಕಡ್ಡಿಯೊಂದನ್ನು ಕಿತ್ತು ಮುರಿದಳು. "ಒಂದು ಕಾಪಿ ತೆಗೆದು ಇಟ್ಕಳೋಕೆ ಆಗ್ತೈತಾ?"

ಆಗುತ್ತದೆ ಅಂದೆ. ಆಗಲಿಲ್ಲ. ಕೆಲಸಕ್ಕೆ ಕೂತಾಗ ಸದಾನಂದ ನನ್ನ ಬೆನ್ನ ಹಿಂದೆಯೇ ನಿಂತಿದ್ದ. ಹಳೆಯ ಮುಖ ಎಲ್ಲೂ ಉಳಿಯಕೂಡದು, ನಾಳೆ ಯಾರಾದರೂ ಕದ್ದು ಹಾಕಿಬಿಟ್ಟರೆ ಅಂತ ಅಧ್ಯಕ್ಷರ ಅಪ್ಪಣೆ. ನನ್ನ ಕಂಪ್ಯೂಟರಿನಲ್ಲಿದ್ದದ್ದನ್ನು ಅವನ ಕಣ್ಣೆದುರೇ ಅಳಿಸಬೇಕಾಯಿತು. ಗೋಡೆಯ ಗುರುತಿನ ಚೀಟಿಯನ್ನು ಅವನೇ ಕಿತ್ತುಕೊಂಡು ಹೋದ. ಅಧ್ಯಕ್ಷರ ಮನೆಯ ಬಚ್ಚಲೊಲೆಗೆ ಹಾಕಿದರಂತೆ. ಸತ್ತ ನೀರುಗಂಟಿಗೆ ಇಷ್ಟು ಹೆದರುವ ಮನುಷ್ಯ ಮೂರಂತಸ್ತಿನಲ್ಲಿ ಹೇಗೆ ನಿದ್ದೆ ಮಾಡುತ್ತಾನೋ ದೇವರಿಗೇ ಗೊತ್ತು.

ಪೆನ್‌ಡ್ರೈವಿನಲ್ಲಿ ಕೊಟ್ಟ ಚಿತ್ರ ನೋಡಿದರೆ ಅದು ಚಿತ್ರವಲ್ಲ, ಜಾತ್ರೆ. ನಡುವೆ ಬಕ್ಕೇಶಪ್ಪ ಕೈ ಮುಗಿದು ನಿಂತಿದ್ದಾನೆ. ಹಿಂದೆ ಟ್ಯಾಂಕು, ಅದರ ಹಿಂದೆ ಸೂರ್ಯ, ಟ್ಯಾಂಕಿನಿಂದ ಹಾರುವ ಪಾರಿವಾಳಗಳು, ಮೇಲೆ ಸಾಲಾಗಿ ದೊಡ್ಡ ನಾಯಕರು, ಕೆಳಗೆ ಗುಂಡುಗುಂಡು ಚಕ್ರದೊಳಗೆ ಹಿಂಬಾಲಕರ ತಲೆಗಳು.

"ಸಾರ್, ಈ ಚಿಪ್ಪಲ್ಲಿ ಒಂದು ಮುಖಕ್ಕೆ ಮಾತ್ರ ಜಾಗ."

"ಪಾರಿವಾಳ?"

"ಪಾರಿವಾಳ ಹಾಕಿದ್ರೆ ಅಧ್ಯಕ್ಷರ ಮೂಗು ತೆಗೀಬೇಕಾಗ್ತೈತೆ."

ಸುದ್ದಿ ಹಬ್ಬಿತು. ಆ ಚಕ್ರದೊಳಗಿನ ತಲೆಗಳೆಲ್ಲ ಒಂದೊಂದಾಗಿ ನನ್ನ ಅಂಗಡಿಗೆ ಬಂದವು. ಒಬ್ಬ, "ಅಣ್ಣಾ, ಪೂರ್ತಿ ಬ್ಯಾಡ, ನನ್ನ ಮೀಸೆಯಾದ್ರೂ ಒಂದು ಮೂಲೇಲಿ ಕಾಣಂಗೆ ಮಾಡು," ಅಂತ ಗೋಗರೆದ. ಇನ್ನೊಬ್ಬ ತನ್ನನ್ನು ಬಿಟ್ಟರೂ ಪರವಾಗಿಲ್ಲ, ಆ ಮೀಸೆಯವನನ್ನು ಮಾತ್ರ ಹಾಕಬೇಡ ಅಂದ. ಕೊನೆಗೆ ಎಲ್ಲರನ್ನೂ ಕತ್ತರಿಸಿ ಬಕ್ಕೇಶಪ್ಪನನ್ನು ಎದೆಯವರೆಗೆ ಉಳಿಸಿ, ಬಣ್ಣ ಕಮ್ಮಿ ಮಾಡಿ ತುರುಕಿದೆ.

ಅದು ಚುನಾವಣೆಯ ಮುಂಚೆ ತೆಗೆಸಿದ ಫೋಟೋ. ಅದನ್ನು ನಾನು ಹೇಳಲಿಲ್ಲ, ಅವರು ಕೇಳಲಿಲ್ಲ.

ಮಾರನೆಯ ದಿನ ಬೋರಕ್ಕ ಸ್ವಿಚ್ ಹಾಕಿದಳು. ಕೈ ಮುಗಿದ ಮುಖ ಬಂದು ಹೋಯಿತು. ಹೆಂಗಸರು ಕಿಟಕಿಗೆ ಬಂದು ಕೆಮ್ಮಿದರು. ಕಂಪ್ಯೂಟರು ನಡುಗಲಿಲ್ಲ. ಬಹಳ ವಿನಯದಿಂದ ಪರದೆಯ ಮೇಲೆ ಅಕ್ಷರ ಮೂಡಿಸಿತು: ಅಕ್ಕಂದಿರೇ, ನಿಮ್ಮ ಬೀದಿಗೆ ಇಪ್ಪತ್ತನಾಲ್ಕು ಗಂಟೆ ನೀರು ಮಂಜೂರಾಗಿದೆ. ಇನ್ನೊಂದು ಬೀದಿಯವರು ಬಂದರು, ಅವರಿಗೂ ಮಂಜೂರು. ಯಾರೋ ತಮಾಷೆಗೆ ಬಿಸಿನೀರು ಕೇಳಿದರು, ಅದೂ ಮಂಜೂರು. ಊರಿಗೆಲ್ಲ ಮಂಜೂರಾಯಿತು, ಒಂದು ನಲ್ಲಿಯಲ್ಲೂ ತೊಟ್ಟು ಬೀಳಲಿಲ್ಲ. ಎರಡು ಕೈಯನ್ನೂ ಮುಗಿದುಕೊಂಡು ನಿಂತವನು ವಾಲ್ವ್ ತಿರುಗಿಸುವುದು ಯಾವ ಕೈಯಿಂದ?

ಮೂರು ದಿನ ಊರು ಮಂಜೂರಾತಿ ಕುಡಿದು ಬದುಕಿತು. ಆಮೇಲೆ ಹೆಂಗಸರು ಪುರಸಭೆಗೆ ಹೋಗಿ ಖಾಲಿ ಕೊಡಗಳನ್ನು ಬಡಿದರು. ಬಕ್ಕೇಶಪ್ಪ ಮಹಡಿಯಲ್ಲಿ ಕಾಣಿಸಿಕೊಂಡು ಅಲ್ಲಿಯೂ ಕೈ ಮುಗಿದ. ನನ್ನನ್ನು ಒಳಗೆ ಕರೆಸಿದರು.

"ಏನೋ ಮಾಡೀಯ ನೀನು ಅದ್ರೊಳಗೆ?" ಅಂದ ಬಕ್ಕೇಶಪ್ಪ.

"ನಿಮ್ಮನ್ನೇ ಇಟ್ಟೀನಿ, ಅಷ್ಟೇ. ದುರುಗಪ್ಪನ್ನ ವಾಪಸ್ ಇಡೋಣ ಅಂದ್ರೆ ಒಲೆಗೆ ಹಾಕೀರಿ."

"ಅವನ ಹೆಸರು ಎತ್ತಬ್ಯಾಡ. ಯಾವ ಫೋಟೋನಾದ್ರೂ ಹಾಕು, ಮುಖ ಮಾತ್ರ ನಂದೇ ಇರ್ಬೇಕು. ಬೇರೆ ಒಂದು ಮುಖ ಕಂಡ್ರೂ ನಿನ್ನ ಅಂಗಡಿ ಇರಲ್ಲ, ಆಕೆ ಪೊರಕೆನೂ ಇರಲ್ಲ." ಅಂದವನು ಎಲ್ಲ ಸದಸ್ಯರ ಮುಂದೆ ಮೇಜು ಗುದ್ದಿ ಅದನ್ನೇ ಇನ್ನೊಮ್ಮೆ ಹೇಳಿದ. "ನೀರು ಬಿಡೋ ಮುಖ ಬಕ್ಕೇಶಪ್ಪನ ಮುಖ. ಇದು ನನ್ನ ಮಾತು. ಬರಕೊಳ್ರಿ."

ಬರೆದುಕೊಂಡರು.

ಎರಡನೆಯ ಫೋಟೋವನ್ನು ಸದಾನಂದನೇ ಆರಿಸಿದ. ಗೆದ್ದ ದಿನದ್ದು. ಹಾರಗಳು ಕಿವಿಯವರೆಗೆ ಏರಿ, ನಡುವೆ ಬಕ್ಕೇಶಪ್ಪನ ಕಣ್ಣು ಮೂಗು ಮಾತ್ರ ತೇಲುತ್ತಿದ್ದವು. ಈ ಸಲ ಕೈ ಕಾಣುವುದಿಲ್ಲವಾದ್ದರಿಂದ ತೊಂದರೆಯಿಲ್ಲ ಅಂತ ಅವನ ಲೆಕ್ಕ. ಹಾಕಿದೆ. ಬೆಳಗ್ಗೆ ಸ್ವಿಚ್ ಒತ್ತುತ್ತಿದ್ದ ಹಾಗೆ ಕಂಪ್ಯೂಟರು ಹೊಸ ಬಡಾವಣೆಯ ವಾಲ್ವೊಂದನ್ನೇ ಪೂರ್ತಿ ತೆರೆದು, ಉಳಿದದ್ದನ್ನೆಲ್ಲ ಮುಚ್ಚಿಕೊಂಡು ಕೂತಿತು. ಹೆಂಗಸರು ಕೆಮ್ಮಿದರು, ಕೂಗಿದರು, ಕಿಟಕಿಯ ಸರಳು ಹಿಡಿದು ಅಲ್ಲಾಡಿಸಿದರು. ಕಿವಿ ಹಾರದೊಳಗೆ ಮುಳುಗಿತ್ತಲ್ಲ, ಕೇಳಿಸಲಿಲ್ಲ. ಬಕ್ಕೇಶಪ್ಪನ ಮನೆಯ ತೊಟ್ಟಿ ತುಂಬಿ, ಉಕ್ಕಿ, ಕಾಂಪೌಂಡು ದಾಟಿ ರಸ್ತೆಗೆ ಬಂತು. ಅಧ್ಯಕ್ಷರ ಕಾರು ನೀರಿನಲ್ಲಿ ನಿಂತಿತು. ಹಿಂಬಾಲಕರು ಪ್ಯಾಂಟು ಮಡಚಿ ಬಂದು ಅಭಿನಂದನೆ ಹೇಳಿ ಹೋದರು. ಕೊನೆಗೆ ಬೋರಕ್ಕ ಹೋಗಿ ಕಂಪ್ಯೂಟರನ್ನೇ ಆರಿಸಿದಳು. ಆ ದಿನ ನಮ್ಮ ಬೀದಿಯಲ್ಲಿ ಹೆರಿಗೆಯಾದ ಮನೆಯೊಂದಕ್ಕೆ ಜನ ಚೊಂಬು ಚೊಂಬು ನೀರು ಸೇರಿಸಿ ಕೊಟ್ಟರು. ಮಗುವಿಗೆ ಎರೆದ ನೀರನ್ನು ಚೆಲ್ಲಲಿಲ್ಲ, ಅದರಲ್ಲೇ ಬಟ್ಟೆ ಅದ್ದಿದರು.

ಅವತ್ತು ಸಂಜೆ ನಾನು ಹಾಲಮ್ಮನ ಮನೆಯ ಜಗಲಿಯ ಮೇಲೆ ಕೂತು ಬಾಯಿಗೆ ಬಂದ ಹಾಗೆ ಬೈಯುತ್ತಿದ್ದೆ. ತಾಯಿಯ ಎದುರಿಗೆ ಮಗನನ್ನು ಬೈಯುವುದು ಸರಿಯಲ್ಲ. ಆದರೆ ನನಗಿಂತ ಅವಳೇ ಚೆನ್ನಾಗಿ ಬೈಯುತ್ತಿದ್ದಳು, ನಾನು ಬರೀ ಹಿಮ್ಮೇಳ. ಬೋರಕ್ಕ ಗೋಡೆಗೆ ಒರಗಿ ಕೂತಿದ್ದಳು. ಗಂಡ ಎರಡನೆಯ ಸಲ ಸತ್ತ ಹಾಗಿತ್ತು ಅವಳ ಮುಖ.

"ಅಲ್ಲಾ ಓಬಳೇಶ," ಅಂದಳು ಹಾಲಮ್ಮ, "ಅವನ ಮುಖವೇ ಬೇಕಂತೇನು?"

"ಅವನದೇ ಬೇಕಂತೆ. ಇನ್ನೊಬ್ಬರ ಮುಖ ಇಣುಕಂಗಿಲ್ಲ. ಬರೆಸಿಟ್ಟಾನೆ."

"ಯಾವ ವಯಸ್ಸಿಂದು ಅಂತ ಬರೆಸ್ಯಾನಾ?"

ನಾನು ಅವಳ ಮುಖ ನೋಡಿದೆ. ಅವಳು ಎದ್ದು ಒಳಗೆ ಹೋಗಿ, ಟ್ರಂಕಿನ ಮುಚ್ಚಳ ಎತ್ತಿ, ಸೀರೆಗಳ ಕೆಳಗಿನಿಂದ ಒಂದು ಫೋಟೋ ತಂದು ನನ್ನ ತೊಡೆಯ ಮೇಲೆ ಹಾಕಿದಳು. ಕಪ್ಪು ಬಿಳುಪಿನದು, ಅಂಚು ಹಳದಿಯಾಗಿದೆ. ನಮ್ಮ ಬೀದಿಗೆ ಮೊದಲ ನಲ್ಲಿ ಬಂದ ದಿನ ಪುರಸಭೆಯ ಫೋಟೋದವನು ತೆಗೆದದ್ದಂತೆ. ನಡುವೆ ನಲ್ಲಿ. ನಲ್ಲಿಯ ಪಕ್ಕ ಒಬ್ಬ ಹುಡುಗ, ಹರಿದ ಬನಿಯನ್ನು, ಮೂಗಿನ ಕೆಳಗೆ ಎರಡು ಗೆರೆ ಸಿಂಬಳ, ಕೈಯಲ್ಲಿ ತನಗಿಂತ ದೊಡ್ಡ ಕೊಡ. ಕಣ್ಣು ಪಿಳಿಪಿಳಿ, ಬಾಯಿ ಅಳುವುದಕ್ಕೆ ಶುರುಮಾಡಿ ಅರ್ಧದಲ್ಲಿ ನಿಂತಿದೆ. ಯಾಕೆಂದರೆ ಫೋಟೋದ ಅಂಚಿನಿಂದ ಒಂದು ಕೈ ಬಂದು ಅವನ ಕಿವಿ ಹಿಡಿದಿದೆ. ಮೊಣಕೈಯವರೆಗೆ ಮಾತ್ರ ಇದೆ. ಕೈಯವನು ಫೋಟೋದ ಹೊರಗೇ ಉಳಿದುಬಿಟ್ಟಿದ್ದಾನೆ.

"ಬಕ್ಕ," ಅಂದಳು ಹಾಲಮ್ಮ. "ಸಾಲು ಬಿಟ್ಟು ನುಗ್ಗಿ ಮೊದ್ಲು ಕೊಡ ಇಟ್ಟಿದ್ದ. ಅವತ್ತೊಂದೇ ದಿನ ಅವನಿಗೆ ಸರಿಯಾಗಿ ಬುದ್ಧಿ ಬಂದಿದ್ದು. ಅದಕ್ಕೇ ಇಟ್ಕಂಡಿದ್ದೆ."

ಬೋರಕ್ಕ ಗೋಡೆ ಬಿಟ್ಟು ಹತ್ತಿರ ಸರಿದಳು. ಹುಡುಗನನ್ನು ನೋಡಲಿಲ್ಲ. ಆ ಕೈಯ ಕಿರುಬೆರಳು ಸೊಟ್ಟಗಿತ್ತು, ಒಳಕ್ಕೆ ಬಾಗಿ ಉಗುರಿಲ್ಲದೆ. ಅದರ ಮೇಲೆ ತನ್ನ ಬೆರಳಿಟ್ಟಳು.

"ವಾಲ್ವಿಗೆ ಸಿಕ್ಕಿಸ್ಕಂಡಿದ್ದ," ಅಂದಳು. "ಮದುವೇಲಿ ನನ್ನ ಕೈ ಹಿಡಿಯೋವಾಗ ಈ ಬೆರಳೊಂದು ಹೊರಗೇ ಉಳಿದಿತ್ತು."

ಹಾಲಮ್ಮ ದೀಪವನ್ನು ಫೋಟೋದ ಹತ್ತಿರಕ್ಕೆ ಸರಿಸಿದಳು.

ನಾನು ಫೋಟೋ ಎತ್ತಿಕೊಂಡು ಅಂಗಡಿಗೆ ಹೋದೆ. ಅಳತೆಗೆ ಕತ್ತರಿಸುವಾಗ ನಲ್ಲಿ ಬಿಟ್ಟೆ, ಕೊಡದ ಅರ್ಧ ಬಿಟ್ಟೆ, ಕೈಯ ಒಂದು ಕೂದಲೆಳೆಯನ್ನೂ ಬಿಡಲಿಲ್ಲ. ಒಂದು ಮುಖ, ಅದೂ ಅಧ್ಯಕ್ಷರದೇ. ಬೇರೆ ಮುಖ ಇರಬಾರದು ಅಂದಿದ್ದರು, ಕೈ ಇರಬಾರದು ಅಂತ ಯಾರೂ ಬರೆದುಕೊಂಡಿರಲಿಲ್ಲ. ಬಣ್ಣವೇ ಇಲ್ಲದ ಚಿತ್ರ, ಚಿಪ್ಪಿನೊಳಗೆ ತನ್ನ ಮನೆಯ ಹಾಗೆ ಹೋಗಿ ಕೂತಿತು.

ಸದಾನಂದನಿಗೆ, ಅಧ್ಯಕ್ಷರ ಬಹಳ ಅಪರೂಪದ ಫೋಟೋ ಸಿಕ್ಕಿದೆ, ತಾಯಿಯೇ ಕೊಟ್ಟದ್ದು, ಈ ಸಲ ನೀರು ಗ್ಯಾರಂಟಿ ಅಂದೆ. ತಾಯಿ ಅಂದದ್ದಕ್ಕೆ ಅವನ ಕಣ್ಣು ಮಿನುಗಿತು. ಶಾಮಿಯಾನ ಹಾಕಿಸಿದ, ಮೈಕು ತರಿಸಿದ. ಮಾರನೆಯ ಬೆಳಗ್ಗೆ ಪಂಪ್‌ಹೌಸಿನ ಮುಂದೆ ಊರಿಗೆ ಊರೇ ಸೇರಿತು, ಹೆಂಗಸರೆಲ್ಲ ಕೊಡ ಹಿಡಿದೇ ಬಂದರು. ಕಂಪ್ಯೂಟರಿನ ಪರದೆ ಕಾಣಲಿ ಅಂತ ಹೊರಗೆ ಒಂದು ದೊಡ್ಡ ಟಿ.ವಿ. ಜೋಡಿಸಿದ್ದರು. ಬಕ್ಕೇಶಪ್ಪ ಬಂದು, ಊರಿನ ದಾಹ ತನ್ನ ದಾಹ ಅಂತ ಬಹಳ ಹೊತ್ತು ಹೇಳಿದ. ನಡುನಡುವೆ ಬಾಟಲಿಯ ನೀರು ಕುಡಿದ. ಆಮೇಲೆ ಒಳಗೆ ಹೋಗಿ ತಾನೇ ಸ್ವಿಚ್ ಒತ್ತಿದ.

ಟಿ.ವಿ.ಯ ತುಂಬ ಸಿಂಬಳದ ಹುಡುಗ ಬಂದ.

ಜನ ಮೊದಲು ಕಣ್ಣು ಕಿರಿದು ಮಾಡಿ ನೋಡಿದರು. ಆಮೇಲೆ ಹಿಂದಿನ ಸಾಲಿನಲ್ಲಿ ಯಾವಳೋ ಮುದುಕಿ ಕಿಸಕ್ಕೆಂದಳು. ಬಕ್ಕೇಶಪ್ಪ ಹೊರಗೆ ಬಂದು ನೋಡಿದವನು, "ಯಾವನೋ ಇವನು?" ಅಂದ. ಮೈಕನ್ನು ಅವನ ಅಂಗಿಗೇ ಸಿಕ್ಕಿಸಿದ್ದರು, ಊರಿಗೆಲ್ಲ ಕೇಳಿತು.

ಹಾಲಮ್ಮ ಮುಂದಿನ ಸಾಲಿನಲ್ಲಿ ಕೊಡದ ಮೇಲೆ ಕೈಯೂರಿ ನಿಂತಿದ್ದಳು. "ನೀನೇ ಕಣೋ ಬಕ್ಕ," ಅಂದಳು. "ಹೆತ್ತೋಳಿಗೆ ಗೊತ್ತಾಗಲ್ವಾ? ಬೇರೆ ಮುಖ ಅಲ್ಲ, ನಿಂದೇ. ಈಗ ಅಲ್ಲ ಅಂತ ಹೇಳು ನೋಡೋಣ."

ಅಷ್ಟರಲ್ಲಿ ಮುಖ ಹೋಗಿ ವಾಲ್ವುಗಳ ಪಟ್ಟಿ ಬಂದಿತ್ತು. ಒಳಗೆ ಕಂಪ್ಯೂಟರು ಒಂದು ಸಲ ಮೂಗು ಸೊರ್ರನೆ ಎಳೆದುಕೊಂಡ ಹಾಗೆ ಸದ್ದು ಮಾಡಿತು. ಮೊದಲ ವಾಲ್ವ್ ತಿರುಗಿತು. ಅದು ಮುಗಿದ ಮೇಲೆ ಎರಡನೆಯದು. ಆಮೇಲೆ ಮೂರನೆಯದು. ಸಾಲು ತಪ್ಪಲಿಲ್ಲ. ಹೊಸ ಬಡಾವಣೆ ಪಟ್ಟಿಯ ಕೊನೆಯಲ್ಲಿತ್ತು, ಕೊನೆಯಲ್ಲೇ ಉಳಿಯಿತು. ಬೀದಿಬೀದಿಗಳಿಂದ ಮಕ್ಕಳು ನೀರು ಬಂತು ಅಂತ ಕೂಗುತ್ತಾ ಓಡಿಬಂದರು.

ಬಕ್ಕೇಶಪ್ಪನ ಕೈ ತನ್ನಷ್ಟಕ್ಕೆ ತಾನೇ ಕಿವಿಯ ಮೇಲೆ ಹೋಗಿತ್ತು. ತೆಗೆಸ್ರೋ ಅದನ್ನ ಅನ್ನುವುದಕ್ಕೆ ಬಾಯಿ ತೆರೆದ. ಎದುರಿಗೆ ಕೊಡ ಹಿಡಿದ ಊರಿನ ಹೆಂಗಸರು, ಅವರ ಮುಂದೆ ಹೆತ್ತ ತಾಯಿ. ಬಾಯಿ ಅರ್ಧದಲ್ಲಿ ನಿಂತಿತು. ಫೋಟೋದಲ್ಲಿ ಇದ್ದ ಹಾಗೆಯೇ ಇತ್ತು, ಸಿಂಬಳ ಒಂದು ಕಮ್ಮಿ. ಆಗ ಸದಾನಂದ ಅಭ್ಯಾಸಬಲದಿಂದ ಚಪ್ಪಾಳೆ ಹೊಡೆದ. ಚಕ್ರದೊಳಗಿನ ತಲೆಗಳು ಜೊತೆಗೂಡಿದವು. ಜನರೂ ಹೊಡೆದರು, ಅವರ ಕಾರಣ ಬೇರೆ.

ಇಂಥ ಮನುಷ್ಯರನ್ನು ನಾಚಿಸುವುದು ಸುಲಭವಲ್ಲ. ವಾರ ಕಳೆಯುವುದರೊಳಗೆ ಅದೇ ಫೋಟೋ ದೊಡ್ಡ ಫ್ಲೆಕ್ಸಾಗಿ ಬಸ್‌ಸ್ಟ್ಯಾಂಡಿನಲ್ಲಿ ನಿಂತಿತು. ಬಾಲ್ಯದಿಂದಲೇ ನೀರಿಗಾಗಿ ನೊಂದ ನಾಯಕ ಅಂತ ಕೆಳಗೆ ಬರೆಸಿದ್ದಾರೆ, ಸುತ್ತ ಪಾರಿವಾಳ ಹಾರುತ್ತಿವೆ. ಸಿಂಬಳ ಒರೆಸಿದ್ದಾರೆ, ಕೈಯನ್ನೂ ಅಳಿಸಿದ್ದಾರೆ. ಕಿವಿ ಮಾತ್ರ ಯಾರೂ ಹಿಡಿಯದೆಯೇ ಮೇಲಕ್ಕೆ ಎಳೆದುಕೊಂಡು ನಿಂತಿದೆ. ನನ್ನ ಗೂಡಂಗಡಿಯನ್ನು ಮಾತು ತಪ್ಪದೆ ಎತ್ತಿಸಿದರು. ಚರಂಡಿ ಸ್ವಚ್ಛ ಮಾಡಲು ಅಂದರು. ಚರಂಡಿ ಹಾಗೇ ಇದೆ. ನಾನೀಗ ಹಾಲಮ್ಮನ ಜಗಲಿಯ ಮೇಲೆ ಕ್ಲಿಪ್ಪು ಹರಡಿಕೊಂಡು ಕೂರುತ್ತೇನೆ, ಅವಳಿಗೆ ಮನೆಯಲ್ಲೇ ಜಗಳಕ್ಕೆ ಒಬ್ಬ ಸಿಕ್ಕ ಹಾಗಾಯಿತು. ಪಂಪ್‌ಹೌಸಿನ ಚಿಪ್ಪು ಮುಟ್ಟಲು ಮಾತ್ರ ಯಾರಿಗೂ ಧೈರ್ಯವಿಲ್ಲ. ಅಧ್ಯಕ್ಷರ ಮುಖ ತೆಗೆದವರು ಯಾರು ಅಂತ ನಾಳೆ ಅಧ್ಯಕ್ಷರೇ ಕೇಳಿದರೆ?

ಮೊನ್ನೆ ಮೋಟಾರು ಸದ್ದು ಮಾಡುತ್ತಿದೆ ಅಂತ ಬೆಳ್ಳಂಬೆಳಗ್ಗೆ ಕರೆಸಿದ್ದರು. ಬೋರಕ್ಕ ಕಸ ಹೊಡೆದು, ಸೆರಗಿನಿಂದ ಪರದೆ ಒರೆಸಿ, ಸ್ವಿಚ್ ಹಾಕಿದಳು. ಹುಡುಗ ಬಂದ. ಅವಳು ಅವನ ಮುಖದ ಕಡೆ ನೋಡಲೇ ಇಲ್ಲ. ಪರದೆಯ ಅಂಚಿಗೆ ಬಗ್ಗಿ, ಆ ಸೊಟ್ಟ ಬೆರಳಿಗೆ ಮೆಲ್ಲಗೆ ಹೇಳಿದಳು.

"ಬಿಡಬ್ಯಾಡ. ಹಿಂಗೇ ಹಿಡ್ಕೊಂಡಿರು."